ಗೃಹಸಾಲದ ಬಡ್ಡಿ ಜಗಳ: ಓಂಬುಡ್ಸ್‌ಮನ್ನಾ, ಗ್ರಾಹಕ ಆಯೋಗವಾ?

2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೋ ದರ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಶೇ 6.5ರಿಂದ ಶೇ 5.5ಕ್ಕೆ ಇಳಿಯಿತು. ನಿಮ್ಮ ಸಾಲ ರೆಪೋಗೆ ಜೋಡಿಸಿದ್ದು, ಬಡ್ಡಿ ಮಾತ್ರ ಇಳಿದಿಲ್ಲವೇ? ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. ಶಾಖೆಯಲ್ಲಿ ಬಾಯಿಮಾತಲ್ಲಿ ಕೇಳಿದ್ದು ಸುಮ್ನೆ ಗಾಳಿಗೆ ಹೋಗುತ್ತದೆ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಎರಡು ದಾರಿ ಇವೆ.

ಆರ್‌ಬಿಐ ಓಂಬುಡ್ಸ್‌ಮನ್ (ಬ್ಯಾಂಕಿನ ಮೇಲಿನ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಬಳಿ ಶುಲ್ಕವಿಲ್ಲ, ವಕೀಲರೂ ಬೇಡ. ಆರ್‌ಬಿಐನ ದೂರು ಜಾಲತಾಣವಾದ ಸಿಎಂಎಸ್ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಆದರೆ ಇಲ್ಲೊಂದು ತೊಡಕಿದೆ. ‘ಇದು ನಮ್ಮ ವಾಣಿಜ್ಯ ನಿರ್ಧಾರ’ ಎಂಬ ಬ್ಯಾಂಕಿನ ವಾದ ನಿಂತರೆ ದೂರು ಅಲ್ಲೇ ಮುಗಿಯುತ್ತದೆ. ಹಾಗಾಗಿ ‘ಬಡ್ಡಿ ಜಾಸ್ತಿ’ ಎಂದು ಗೋಳಾಡಬೇಡಿ. ‘ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಿಸಬೇಕೆಂಬ ನಿಯಮ ಪಾಲಿಸಿಲ್ಲ’ ಎಂದು ಬರೆಯಿರಿ. ಸಾಲಪತ್ರದಲ್ಲಿ ದರ ಪರಿಷ್ಕರಣೆಯ ಮಾತಿರುವ ಪುಟ, ಖಾತೆಯ ಸ್ಟೇಟ್‌ಮೆಂಟ್ ಜೊತೆಗಿಡಿ. ವ್ಯತ್ಯಾಸ ಅಲ್ಲೇ ಕಾಣುತ್ತದೆ, ಅಲ್ವಾ?

ಗ್ರಾಹಕ ಆಯೋಗದಲ್ಲಿ ಪರಿಹಾರವನ್ನೂ ಖರ್ಚನ್ನೂ ಕೇಳಬಹುದು. ತಕರಾರು ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ವಕೀಲರು ಕಡ್ಡಾಯವಲ್ಲ, ಆದರೆ ಮುಂದೂಡಿಕೆಗಳಿಗೆ ತಾಳ್ಮೆ ಕಡ್ಡಾಯ!

ಲೆಕ್ಕದ ತಪ್ಪಷ್ಟೇ ಆಗಿದ್ದರೆ ನಾನಂತೂ ಓಂಬುಡ್ಸ್‌ಮನ್ ಎನ್ನುತ್ತೇನೆ. ಎರಡೂ ಕಡೆ ಒಟ್ಟಿಗೆ ಹಾಕಬೇಡಿ. ಆಯೋಗದಲ್ಲಿ ಕೇಸಿದ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ. ಸಾಲ ಕೊಟ್ಟದ್ದು ಬ್ಯಾಂಕಲ್ಲ, ಹೌಸಿಂಗ್ ಫೈನಾನ್ಸ್ ಕಂಪನಿಯೇ? ಹಾಗಾದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ದೂರು ಪೋರ್ಟಲ್ ನೋಡಿ.