ಬೆಳಗಾವಿಯಲ್ಲಿ ಗಾಲ್ಫ್ ಸಿಮ್ಯುಲೇಟರ್ ಪ್ಯಾಕೇಜಿಗೆ ದುಡ್ಡು ಕಟ್ಟುವವರಿದ್ದರೆ ಸ್ವಲ್ಪ ನಿಲ್ಲಿ

ಬೆಳಗಾವಿಯಲ್ಲಿ ಯಾರಾದರೂ "ಅಮೆರಿಕದ ಗಾಲ್ಫ್ ಕೋರ್ಸ್ ಇಲ್ಲೇ ಆಡ್ರಿ" ಅಂತ ಹತ್ತು ತಾಸಿನ ಪ್ಯಾಕೇಜ್ ಹಿಡಿದುಕೊಂಡು ಬಂದರೆ ಮುಂಗಡ ಕೊಡಬೇಡಿ. ಒಂದು ರೂಪಾಯಿನೂ ಕೊಡಬೇಡಿ. ನನ್ನ 7,500 ರೂಪಾಯಿ ಅಲ್ಲಿ ಸಿಕ್ಕಿಕೊಂಡಿದೆ. ದೂರು ಕೊಟ್ಟಿರುವುದರಿಂದ ಅಂಗಡಿ ಹೆಸರು ಇಲ್ಲಿ ಬರೆಯುತ್ತಿಲ್ಲ.

ಸಿಮ್ಯುಲೇಟರ್ ಅಂದರೇ ಮೋಸ ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಒಳ್ಳೆಯದನ್ನು ಆಡಿದ್ದೇನೆ. ಎದುರಿಗೆ ದಪ್ಪ ಪರದೆ, ಅದರ ಮೇಲೆ ಕೋರ್ಸಿನ ಚಿತ್ರ. ಚೆಂಡು ನಿಜ, ಹೊಡೆಯುವ ಕೋಲು, ಅಂದರೆ ಕ್ಲಬ್ಬೂ ನಿಜ. ಹೊಡೆದ ಚೆಂಡು ಪರದೆಗೆ ಬಡಿಯುವಷ್ಟರಲ್ಲಿ ರಾಡಾರ್ ಅಥವಾ ಕ್ಯಾಮೆರಾ ಅದರ ವೇಗ, ಅದು ಎದ್ದ ಕೋನ, ಅದರ ಸ್ಪಿನ್ ಎಲ್ಲಾ ಅಳೆದಿರುತ್ತದೆ. ಬಯಲಲ್ಲಿ ಹೊಡೆದಿದ್ದರೆ ಅದು ಎಲ್ಲಿ ಬೀಳುತ್ತಿತ್ತು ಅಂತ ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುತ್ತದೆ. ಕೆಟ್ಟದಾಗಿ ಹೊಡೆದರೆ ಕೆಟ್ಟದಾಗೇ ತೋರಿಸುತ್ತದೆ. ಅದಕ್ಕೇ ಅಲ್ವಾ ನಾವು ದುಡ್ಡು ಕೊಡೋದು?

ಬೆಳಗಾವಿಯ ಇವರ ಜಾಹೀರಾತಿನಲ್ಲೂ "ರಾಡಾರ್ ಟೆಕ್ನಾಲಜಿ" ಅಂತಲೇ ಇತ್ತು. ಪಕ್ಕದಲ್ಲಿ ಫ್ಲಾರಿಡಾದ ಟಿಪಿಸಿ ಸಾಗ್ರಾಸ್ ಕೋರ್ಸಿನ ಫೋಟೋ. ಅದೂ 17ನೇ ಹೋಲ್! ಗಾಲ್ಫ್ ನೋಡುವವರಿಗೆ ಇದನ್ನು ಹೇಳಬೇಕಿಲ್ಲ. 1982ರಿಂದ ಪ್ಲೇಯರ್ಸ್ ಚಾಂಪಿಯನ್‌ಶಿಪ್ ಅನ್ನೋ ದೊಡ್ಡ ಟೂರ್ನಿ ನಡೆಯುವ ಜಾಗ. ಸುತ್ತ ನೀರು, ನಡುವೆ ಗ್ರೀನ್, ಅಂದರೆ ಚೆಂಡು ಬೀಳಿಸುವ ಕುಳಿ ಇರುವ ಹುಲ್ಲಿನ ಜಾಗ. ದೂರ 137 ಗಜ ಅಷ್ಟೇ. ಕೋರ್ಸ್ ಕಟ್ಟುವಾಗ ಬೇರೆ ಹೋಲ್‌ಗಳಿಗೆ ಅಂತ ಅಲ್ಲಿಂದ ಮರಳು ತೆಗೆದೂ ತೆಗೆದೂ ದೊಡ್ಡ ಗುಂಡಿ ಬಿದ್ದಿತ್ತು. ನೀರು ತುಂಬಿಸಿ ದ್ವೀಪ ಮಾಡಿಬಿಡಿ ಅಂದವರು ಡಿಸೈನರ್ ಪೀಟ್ ಡೈ ಅವರ ಹೆಂಡತಿ ಆಲಿಸ್. ಎಂಥೆಂಥ ಆಟಗಾರರು ಅಲ್ಲಿ ಚೆಂಡನ್ನು ನೀರಿಗೆ ಹಾಕಿ ಪೆಚ್ಚಾಗಿ ನಿಂತಿದ್ದನ್ನು ಟಿವಿಯಲ್ಲಿ ನೋಡಿದ್ದೇನೆ. ಒಂದು ಸಲ ಆ ಶಾಟ್ ಹೊಡೆಯಬೇಕು ಅನ್ನೋದು ನನ್ನ ಹಳೇ ಆಸೆ.

ಮಗಳಿಗೂ ಗಾಲ್ಫ್ ಗುಂಗು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾಗಿ ಬಂದರಲ್ಲ, ಆಗಿನಿಂದ ಹಿಡಿದದ್ದು. ಬೆಳಗಾವಿ ಮಳೆ ಗೊತ್ತಲ್ಲ, ಜೂನ್ ಬಂತಂದರೆ ಹೊರಗೆ ಏನೂ ಆಡೋಕಾಗಲ್ಲ. ಒಳಗೇ ಆಡಬಹುದು ಅಂದಾಗ ಯಾರಿಗೆ ಬೇಡ? ತಾಸಿಗೆ 900, ಹತ್ತು ತಾಸು ಒಟ್ಟಿಗೆ ತಗೊಂಡರೆ 7,500 ಅಂದರು. ಕಟ್ಟಿದೆ. ಬಾಗಲಕೋಟೆಯಿಂದ ಬಂದಿದ್ದ ಭಾವ, ಅವರ ಮಗ, ಎಲ್ಲರನ್ನೂ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಆಲಿಸ್ ಡೈ ಕಥೆ ಬೇರೆ ಹೇಳಿದ್ದೆ.

ಒಳಗೆ ಹೋದರೆ ಒಂದು ಪ್ರೊಜೆಕ್ಟರ್, ಒಂದು ಬಟ್ಟೆ ಪರದೆ, ಕೆಳಗೆ ಹಸಿರು ಮ್ಯಾಟ್. ಮ್ಯಾಟಿನ ನಡುವೆ ಕಪ್ಪು ಪಟ್ಟಿ, ಅದರಲ್ಲಿ ಸಾಲಾಗಿ ಸಣ್ಣ ಸಣ್ಣ ತೂತು. ಮೂಲೆಯಲ್ಲಿ ಒಬ್ಬ ಹುಡುಗ, ತೊಡೆ ಮೇಲೆ ಟ್ಯಾಬ್. ರಾಡಾರ್ ಎಲ್ಲಿ ಅಂದೆ. "ಮ್ಯಾಲೆ ಐತ್ರೀ ಸರ್" ಅಂದ. ಮೇಲೆ ನೋಡಿದರೆ ಸಿಸಿಟಿವಿ ಕ್ಯಾಮೆರಾ.

ನಾನು ಹೊಡೆದ ಮೊದಲ ಚೆಂಡು ಮೇಲೇಳಲೇ ಇಲ್ಲ. ನೆಲದ ಮೇಲೆ ಉರುಳಿ ಪರದೆಯ ಬುಡಕ್ಕೆ ಹೋಗಿ ನಿಂತಿತು. ಪರದೆಯಲ್ಲಿ ಮಾತ್ರ ಆಕಾಶಕ್ಕೆ ಹಾರಿ, ನೀರು ದಾಟಿ, ಗ್ರೀನ್ ಮೇಲೆ ಬಿತ್ತು! ಹುಡುಗ "ಭಾರೀ ಶಾಟ್ ಸರ್" ಅಂದ. ನಾನು ಅವನ ಮುಖ ನೋಡಿದೆ. ಅವನು ಟ್ಯಾಬ್ ನೋಡಿದ.

ಆಮೇಲೆ ಮಗಳು ನಿಂತಳು. ಜೋರಾಗಿ ಬೀಸಿದಳು. ಕ್ಲಬ್ ಚೆಂಡಿಗೆ ತಾಗಲೇ ಇಲ್ಲ. ಚೆಂಡು ಇಟ್ಟಲ್ಲೇ ಇದೆ. ಪರದೆಯಲ್ಲಿ ಚೆಂಡು ಹಾರುತ್ತಿದೆ, ಸ್ಪೀಕರಿನಿಂದ ಚಪ್ಪಾಳೆ ಬರುತ್ತಿದೆ. ಮಗಳು ಖುಷಿಯಿಂದ ಕುಣಿಯುವಷ್ಟರಲ್ಲಿ ಭಾವನ ಮಗ ಕೇಳಿದ: "ಮಾಮಾ, ಚೆಂಡು ಇಲ್ಲೇ ಐತಲ್ಲ?"

ಭಾವ ನಗಲಿಲ್ಲ. ಗೋಡೆ ಕಡೆ ತಿರುಗಿ ಮೊಬೈಲ್ ತೆಗೆದರು. ನಕ್ಕಿದ್ದರೇ ಚೆನ್ನಾಗಿತ್ತು.

ನಾನು ಚೆಂಡನ್ನೇ ತೆಗೆದು ಜೇಬಿಗೆ ಹಾಕಿಕೊಂಡು ಬೀಸಿದೆ. ಚೆಂಡೇ ಇಲ್ಲ ಸ್ವಾಮಿ, ಚೆಂಡೇ ಇಲ್ಲ! 129 ಗಜ ಅಂತ ಬಂತು. ಕೆಳಗೆ ಸ್ಮ್ಯಾಶ್ ಫ್ಯಾಕ್ಟರ್ 1.62. ಚೆಂಡಿನ ವೇಗವನ್ನು ಕ್ಲಬ್ಬಿನ ವೇಗದಿಂದ ಭಾಗಿಸಿದರೆ ಬರುವ ಅಂಕಿ ಅದು. ವೃತ್ತಿಪರ ಆಟಗಾರರು ಡ್ರೈವರ್ ಅನ್ನೋ ಅತಿ ದೂರ ಹೊಡೆಯುವ ಕ್ಲಬ್ಬಿನಲ್ಲಿ ಸರಿಯಾಗಿ ಹೊಡೆದರೆ 1.5ರ ಹತ್ತಿರ ಬರುತ್ತದೆ. ಐರನ್ ಅನ್ನೋ ಕಡಿಮೆ ದೂರದ ಕ್ಲಬ್ಬುಗಳಲ್ಲಿ ಅದಕ್ಕಿಂತ ಕಮ್ಮಿ. ನನ್ನ ಕೈಯಲ್ಲಿದ್ದದ್ದು 9 ಐರನ್. ಫೋಟೋ ತೆಗೆದಿಟ್ಟಿದ್ದೇನೆ.

ಆ ತೂತುಗಳೇ ಇದರ ಗುಟ್ಟು. ಅದು ಇನ್‌ಫ್ರಾರೆಡ್ ಸೆನ್ಸರ್ ಇರುವ ಮ್ಯಾಟ್. ಮೇಲೆ ಕ್ಲಬ್ ಹಾದುಹೋದದ್ದು ಮಾತ್ರ ಅದಕ್ಕೆ ಗೊತ್ತಾಗುತ್ತದೆ, ಚೆಂಡು ಏನಾಯಿತು ಅನ್ನೋದು ಗೊತ್ತಾಗಲ್ಲ. ಉಳಿದದ್ದೆಲ್ಲಾ ಅಂದಾಜು. ಮನೆಯಲ್ಲಿ ಸುಮ್ನೆ ಆಡೋಕೆ ಅಂತ ಇಂಥವನ್ನು ಮಾರುತ್ತಾರೆ, ಅದು ತಪ್ಪಲ್ಲ. ಅದನ್ನು ತಂದು ಹಾಸಿ, ರಾಡಾರ್ ಅಂತ ಹೇಳಿ ತಾಸಿಗೆ 900 ತಗೊಳ್ಳೋದು ತಪ್ಪು.

ಇನ್ನು ಸಾಗ್ರಾಸ್? ಅದೂ ಸಾಗ್ರಾಸ್ ಅಲ್ಲ. 17ನೇ ಗ್ರೀನಿನ ಸುತ್ತ ಮರದ ಹಲಗೆಯ ಗೋಡೆ ಇರಬೇಕು, ಇರಲಿಲ್ಲ. ಮುಂದೆ ಸಣ್ಣ ಬಂಕರ್, ಅಂದರೆ ಮರಳಿನ ಗುಂಡಿ ಇರಬೇಕು, ಅದೂ ಇರಲಿಲ್ಲ. ಹಿಂದೆ ಮಾತ್ರ ದೊಡ್ಡ ಗುಡ್ಡ. ಫ್ಲಾರಿಡಾ ಕರಾವಳಿಯಲ್ಲಿ ಗುಡ್ಡ! ನಮ್ಮ ಯಳ್ಳೂರಗಡವನ್ನು ತಂದು ಇಟ್ಟಿದ್ದಾರೋ ಏನೋ.

ಹುಡುಗನಿಂದ ಬಂದ ಉತ್ತರ: "ಸಾಫ್ಟ್‌ವೇರ್ ಅಪ್‌ಡೇಟ್ ಆಗಬೇಕ್ರೀ." ಮಾಲೀಕರಿಗೆ ಫೋನ್ ಮಾಡಿದೆ. "ಸರ್, ಮಕ್ಕಳು ಇದ್ದರು ಅಂತ ಈಸಿ ಮೋಡ್ ಇಟ್ಟಿದ್ದ ನೋಡ್ರಿ." ಚೆಂಡೇ ಇಲ್ಲದೆ ಹೊಡೆಯೋದು ಯಾವ ಮೋಡ್ ರೀ ಅಂದೆ. "ಅದು ಪ್ರಾಕ್ಟೀಸ್ ಮೋಡ್." ರಾಡಾರ್ ಎಲ್ಲಿದೆ ಅಂದೆ. "ಆರ್ಡರ್ ಮಾಡೇವ್ರಿ, ಬರೂದೈತಿ." ಹಾಗಾದರೆ ಇಲ್ಲದ ರಾಡಾರಿಗೆ ದುಡ್ಡು ತಗೊಂಡಿರಾ? ಅದಕ್ಕೆ ಫೋನ್ ಕಟ್.

ವಾಟ್ಸಾಪ್‌ನಲ್ಲಿ ಬಂದದ್ದು ಇನ್ನೂ ಚೆಂದ. "ಪ್ಯಾಕೇಜ್ ನಾನ್ ರಿಫಂಡೆಬಲ್ ಸರ್, ರಸೀದಿ ಹಿಂದೆ ನೋಡಿ." ನೋಡಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಇದೆ. ಜಿಎಸ್‌ಟಿ ನಂಬರ್ ಮಾತ್ರ ಹಿಂದೆನೂ ಇಲ್ಲ, ಮುಂದೆನೂ ಇಲ್ಲ. ಗೂಗಲ್‌ನಲ್ಲಿ ಒಂದು ಸ್ಟಾರ್ ಹಾಕಿ ನಡೆದದ್ದನ್ನು ಬರೆದೆ ನೋಡಿ, ಆಗ ತಾವಾಗಿಯೇ ಫೋನ್ ಬಂತು. "ಅಣ್ಣಾ, ನೀವು ನಮ್ಮ ಊರವರ ಇದ್ದೀರಿ. ರಿವ್ಯೂ ತಗೀರಿ, ಇನ್ನೂ ಐದು ತಾಸು ಫ್ರೀ ಕೊಡ್ತೇವಿ." ಐದು ತಾಸು ಏನು ಮಾಡಲಿ? ಗಾಳಿಗೆ ಬೀಸಲಾ?

ಹೋಗುವವರು ಹೋಗಿ, ಆದರೆ ಮೊದಲು ಒಂದು ತಾಸಿನದ್ದು ಮಾತ್ರ ಕೊಡಿ. ಚೆಂಡು ತೆಗೆದು ಒಂದು ಸಲ ಬೀಸಿ. ಪರದೆಯಲ್ಲಿ ಚೆಂಡು ಹಾರಿತೋ, ಅಲ್ಲಿಂದಲೇ ಮನೆಗೆ ಬನ್ನಿ. ರಾಡಾರ್ ಅಂದರೆ ಪೆಟ್ಟಿಗೆ ತೋರಿಸಿ ಅನ್ನಿ. ಅವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಭಾವ ಊರಿಗೆ ಹೋಗಿ ಮನೆಯವರ ಗ್ರೂಪಿನಲ್ಲಿ ವಿಡಿಯೋ ಹಾಕಿದ್ದಾರೆ. "ಫ್ಲಾರಿಡಾದಿಂದ ಯಾವಾಗ ಬಂದ್ರಿ?" ಅಂತ ಎಲ್ಲರೂ ಕೇಳುತ್ತಿದ್ದಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ರಿವ್ಯೂ ತೆಗೆಯಲ್ಲ. ದುಡ್ಡು ವಾಪಸ್ ಬಂದರೂ ತೆಗೆಯಲ್ಲ.