ಮಂಡಿ ಕೆಳಗಿನ ಕೃತಕ ಕಾಲು: ಆರು ನಿಮಿಷದ ನಡಿಗೆಯೋ, ಎಲ್ ಪರೀಕ್ಷೆಯೋ

ಕೋಲಾರದಲ್ಲಿ ನಾನು ನಡೆಸುವ ಸಣ್ಣ ಫಿಸಿಯೊಥೆರಪಿ ಕೇಂದ್ರಕ್ಕೆ ಮಂಡಿ ಕೆಳಗೆ ಕೃತಕ ಕಾಲು ಹಾಕಿಕೊಂಡವರು ಬಂದಾಗ, ಅವರ ನಡಿಗೆಯನ್ನು ಅಳೆಯಲು ಈಗ ನಾನು ಮೊದಲು ಬಳಸುವುದು ಎಲ್ ಪರೀಕ್ಷೆಯನ್ನು, ಅಂದರೆ ಕುರ್ಚಿಯಿಂದ ಎದ್ದು ಎಲ್ ಆಕಾರದ ದಾರಿಯಲ್ಲಿ ಹೋಗಿ ಬಂದು ಕೂರಲು ಹಿಡಿಯುವ ಸಮಯದ ಅಳತೆಯನ್ನು. ಇದನ್ನು ಒಪ್ಪಿಕೊಳ್ಳುವ ಮೊದಲು ಆರು ನಿಮಿಷದ ನಡಿಗೆ ಪರೀಕ್ಷೆಗೆಂದೇ 28,000 ರೂಪಾಯಿ ಕೊಟ್ಟು ಒಂದು ಹಾದಿ ಮಾಡಿಸಿದ್ದೆ. ಆ ಹಣಕ್ಕಿಂತ, ಆ ಹಾದಿಯನ್ನು ನಂಬಿ ಒಬ್ಬರಿಗೆ ಕೊಟ್ಟ ತಪ್ಪು ಸಲಹೆಯೇ ನನ್ನನ್ನು ಇಂದಿಗೂ ಕಾಡುತ್ತದೆ.

ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆಯಲಾಗುತ್ತದೆ ಎಂದು ಅಳೆಯುವ ಈ ಪರೀಕ್ಷೆಗೆ ಅಮೆರಿಕನ್ ಥೊರಾಸಿಕ್ ಸೊಸೈಟಿಯ 2002ರ ಮಾರ್ಗಸೂಚಿ 30 ಮೀಟರ್ ಉದ್ದದ ಸಮತಟ್ಟಾದ ನೇರ ಹಾದಿಯನ್ನು ಕೇಳುತ್ತದೆ. ಹಾದಿ ಗಿಡ್ಡವಾದಷ್ಟೂ ತಿರುವುಗಳು ಹೆಚ್ಚಿ ದೂರ ಕಡಿಮೆಯಾಗುವುದರಿಂದ, ನನ್ನ ಕೇಂದ್ರದ ಏಳೂವರೆ ಮೀಟರ್ ಪಡಸಾಲೆ ಇದಕ್ಕೆ ಆಗುವುದಿಲ್ಲ. ಕೆಲವು ಕಾಲ ಹತ್ತಿರದ ಶಾಲೆಯೊಂದರ ಜಗಲಿಯನ್ನು ಭಾನುವಾರಗಳಂದು ಕೇಳಿ ಪಡೆದಿದ್ದೆ. ಅಲ್ಲಿ ಅಡ್ಡಗೋಡೆ ಎದ್ದ ಮೇಲೆ ನಮ್ಮ ಕಟ್ಟಡದ ಪಕ್ಕದ ಓಣಿಗೆ ಸಿಮೆಂಟ್ ಹಾಕಿಸಿ, ಮೂರು ಮೀಟರಿಗೊಂದರಂತೆ ಬಣ್ಣದ ಗೆರೆ ಎಳೆಸಿದೆ.

ಟೊಮೆಟೊ ಮಾರುಕಟ್ಟೆಯಲ್ಲಿ ಕ್ರೇಟ್ ಲೆಕ್ಕ ಬರೆಯುವ, ಐವತ್ತು ದಾಟಿದ ಒಬ್ಬರು ಶಾಲೆಯ ಜಗಲಿಯಲ್ಲಿ 312 ಮೀಟರ್ ನಡೆದಿದ್ದರು. ಮೂರು ತಿಂಗಳ ನಂತರ ಹೊಸ ಹಾದಿಯಲ್ಲಿ ಅವರು ನಡೆದದ್ದು 261 ಮೀಟರ್. ಕಾಲು ಕಳೆದುಕೊಂಡವರ ಪರೀಕ್ಷೆಗಳ ಕುರಿತು 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಈ ಪರೀಕ್ಷೆಯಲ್ಲಿ ಸುಮಾರು 45 ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅದನ್ನು ಅಳತೆಯ ಏರುಪೇರು ಎಂದು ತಳ್ಳಿಹಾಕುವಂತಿಲ್ಲ. ಇಲ್ಲಿ 51 ಮೀಟರ್ ಇಳಿದಿತ್ತು. ಸ್ಟಂಪ್, ಅಂದರೆ ಉಳಿದ ಕಾಲಿನ ತುದಿ, ಸೊರಗಿ, ಅದು ಕೂರುವ ಕೃತಕ ಕಾಲಿನ ಬಟ್ಟಲು, ಅಂದರೆ ಸಾಕೆಟ್, ಸಡಿಲವಾಗಿರಬೇಕೆಂದು ನಾನು ಊಹಿಸಿ ಅವರನ್ನು ಬೆಂಗಳೂರಿನ ತಂತ್ರಜ್ಞರ ಬಳಿಗೆ ಕಳುಹಿಸಿದೆ. ಒಂದು ದಿನದ ಕೂಲಿ, ಇಬ್ಬರ ಬಸ್ ಖರ್ಚು, ದಿನವಿಡೀ ಕಾಯುವಿಕೆ ಎಲ್ಲವೂ ಆದ ಮೇಲೆ ಸಾಕೆಟ್ ಸರಿಯಾಗಿಯೇ ಇದೆ ಎಂಬ ಉತ್ತರ ಬಂತು.

ಮರಳಿ ಬಂದವರು ಅದೇ ಹಾದಿಯಲ್ಲಿ ಎರಡು ಸುತ್ತು ನಡೆದು, “ಮೇಡಂ, ಆ ಕಡೆ ಹೋಗೋವಾಗ ಮಂಡಿ ಹಿಂದಕ್ಕೆ ಹೋಗುತ್ತೆ, ಈ ಕಡೆ ಬರೋವಾಗ ಮುಂದಕ್ಕೆ ನೂಕುತ್ತೆ” ಎಂದರು. ಮೊದಲ ದಿನವೇ ನಾನು ಇದನ್ನು ಅವರಿಂದ ಕೇಳಿ ತಿಳಿಯಬೇಕಿತ್ತು. ಗಾರೆ ಕೆಲಸದವರನ್ನು ಕರೆಸಿ, ನೀರು ತುಂಬಿದ ಕೊಳವೆ ಹಿಡಿದು ಮಟ್ಟ ನೋಡಿಸಿದಾಗ ಒಂದು ತುದಿಗಿಂತ ಇನ್ನೊಂದು ತುದಿ ಸುಮಾರು ಎರಡು ಅಡಿ ತಗ್ಗಿತ್ತು. ಮಳೆನೀರು ನಿಲ್ಲಬಾರದೆಂದು ಅವರು ವಾಡಿಕೆಯಂತೆ ವಾಟ ಕೊಟ್ಟಿದ್ದರು. ಅದು ಅವರ ತಪ್ಪಲ್ಲ, ನಾನು ಹೇಳಿರಲಿಲ್ಲ. ಎರಡು ಕಾಲೂ ಇರುವ ನನಗೆ ಆ ಇಳಿಜಾರು ಗೊತ್ತೇ ಆಗಿರಲಿಲ್ಲ. ಆದರೆ ಮಾರುಕಟ್ಟೆಯ ಆ ಲೆಕ್ಕ ಬರೆಯುವವರದು ಹಿಮ್ಮಡಿಯಲ್ಲಿ ಮೆತ್ತನೆಯ ತುಂಡಿದ್ದು ಕೀಲಿನಲ್ಲಿ ಮಡಿಚದ ಸ್ಯಾಚ್ ಪಾದ. ನೆಲದ ಓರೆಗೆ ಪಾದ ಹೊಂದಿಕೊಳ್ಳದಿದ್ದಾಗ ಆ ಓರೆಯನ್ನು ಮಂಡಿಯೇ ತಾಳಿಕೊಳ್ಳಬೇಕಾಗುತ್ತದೆ: ಏರುವಾಗ ಮಂಡಿ ಹಿಂದಕ್ಕೆ ಒತ್ತುತ್ತದೆ, ಇಳಿಯುವಾಗ ಮುಂದಕ್ಕೆ ಬಾಗಲು ನೋಡುತ್ತದೆ. ಆರು ನಿಮಿಷದ ತನಕ ಪ್ರತಿ ಹೆಜ್ಜೆಯಲ್ಲೂ ಅದನ್ನು ತಡೆದುಕೊಂಡು ನಡೆಯುವವರು ನಿಧಾನವಾಗದೆ ಇರುವುದಾದರೂ ಹೇಗೆ? ಮುಂದಿನ ವಾರ ಕಲ್ಯಾಣ ಮಂಟಪವೊಂದರ ಖಾಲಿ ಊಟದ ಹಾಲ್‌ನಲ್ಲಿ ಟೇಪು ಹಿಡಿದು ಅಳೆದಾಗ ಅವರು 316 ಮೀಟರ್ ನಡೆದರು.

ಉದ್ದ ಹಾದಿ ಬೇಡದ ಬೇರೆ ಪರೀಕ್ಷೆಗಳೂ ಇವೆ. ಕುರ್ಚಿಯಿಂದ ಎದ್ದು ಮೂರು ಮೀಟರ್ ಹೋಗಿ ಬಂದು ಕೂರುವ ಟಗ್ ಪರೀಕ್ಷೆಗೆ ಖರ್ಚೇ ಇಲ್ಲ, ಮತ್ತು ಮಂಡಿ ಕೆಳಗಿನ ಕಾಲು ಕಳೆದುಕೊಂಡವರಲ್ಲಿ 19 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವವರು ಪದೇ ಪದೇ ಬೀಳುವ ಸಂಭವ ಹೆಚ್ಚೆಂದು 2007ರ ಅಧ್ಯಯನವೊಂದು ತೋರಿಸಿರುವುದರಿಂದ ವಯಸ್ಸಾದವರಿಗೆ ಅದನ್ನು ಬಿಡುವುದಿಲ್ಲ. ಆದರೆ ಚುರುಕಾಗಿ ನಡೆಯುವವರೆಲ್ಲರೂ ಅದರಲ್ಲಿ ಹೆಚ್ಚುಕಡಿಮೆ ಒಂದೇ ಸಮಯ ತೆಗೆದುಕೊಳ್ಳುವುದರಿಂದ ಅವರ ನಡುವಿನ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ.

ಅಮೆರಿಕದ ಗೇಲಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಆಂಪ್ ಪರೀಕ್ಷೆಯಲ್ಲಿ 21 ಚಟುವಟಿಕೆಗಳಿದ್ದು, ಕೃತಕ ಕಾಲು ಧರಿಸಿದವರಿಗೆ ಗರಿಷ್ಠ 47 ಅಂಕ. ಎಲ್ಲಿ ತೊಡಕಿದೆ ಎಂಬುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ; ಹಾಗಾಗಿ ಮೊದಲ ಭೇಟಿಯಲ್ಲಿ ಮಾಡುತ್ತೇನೆ. ಅಮೆರಿಕದ ವಿಮೆಯಲ್ಲಿ ಇಂಥ ಅಳತೆಯ ಮೇಲೆ ಯಾವ ದರ್ಜೆಯ ಪಾದ ಕೊಡಬೇಕೆಂಬುದು ನಿಂತಿರುತ್ತದೆ. ನನ್ನ ಬಳಿಗೆ ಬರುವ ಬಹಳಷ್ಟು ಮಂದಿ ಶಿಬಿರದಲ್ಲಿ ಸಿಕ್ಕ ಕಾಲನ್ನೇ ಹಾಕಿಕೊಂಡವರಾದ್ದರಿಂದ ಪಾದ ಆರಿಸುವ ಪ್ರಶ್ನೆ ಬರುವುದಿಲ್ಲ; 21 ಚಟುವಟಿಕೆಗಳಿಗೆ ಪ್ರತಿ ಭೇಟಿಯಲ್ಲೂ ಸಮಯ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಎಲ್ ಪರೀಕ್ಷೆಯನ್ನು ಕೆನಡಾದ ಡೀತ್ ಮತ್ತು ಮಿಲ್ಲರ್ 2005ರಲ್ಲಿ, ಟಗ್ ಪರೀಕ್ಷೆಯನ್ನೇ ಹಿಗ್ಗಿಸಿ, ಕಾಲು ಕಳೆದುಕೊಂಡವರಿಗೆಂದು ರೂಪಿಸಿದರು. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ಅಡ್ಡ ತಿರುಗಿ ಏಳು ಮೀಟರ್ ಸಾಗಿ, ಬಂದ ದಾರಿಯಲ್ಲೇ ಹಿಂತಿರುಗಿ ಕೂರಬೇಕು. ಒಟ್ಟು 20 ಮೀಟರ್. ನನ್ನ ಕೊಠಡಿಯ ಕುರ್ಚಿಯಿಂದ ಬಾಗಿಲ ಆಚೆಗೆ ಮೂರು ಮೀಟರ್, ಪಡಸಾಲೆಯಲ್ಲಿ ಏಳು ಮೀಟರ್ ತಾನಾಗಿಯೇ ಕೂಡಿಬಂದವು. ಹೊಸ್ತಿಲನ್ನು ತೆಗೆಸಲು 900 ರೂಪಾಯಿ ಆಯಿತು, ಅಷ್ಟೇ. ಹೋಗುವಾಗ ಬಲಕ್ಕೆ ತಿರುಗಿದವರು ಬರುವಾಗ ಎಡಕ್ಕೆ ತಿರುಗಲೇಬೇಕು. ಟಗ್ ಪರೀಕ್ಷೆಯಲ್ಲಿ ತಮಗೆ ಅನುಕೂಲವಾದ ಬದಿಗೇ ತಿರುಗಿ ಮುಗಿಸುತ್ತಿದ್ದವರು, ಇಲ್ಲಿ ಕೃತಕ ಕಾಲಿನ ಬದಿಗೆ ತಿರುಗಬೇಕಾದಾಗ ಸಣ್ಣ ಸಣ್ಣ ಹೆಜ್ಜೆ ಇಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕ್ರೇಟ್‌ಗಳ ಸಾಲಿನ ನಡುವೆ, ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ ಕೆಲಸ ಮಾಡುವವರಿಗೆ ದಿನವಿಡೀ ಬೇಕಾಗುವುದು ಈ ಏಳುವ, ತಿರುಗುವ, ಕೂರುವ ಚಲನೆಯೇ.

ಯಾವ ಪರೀಕ್ಷೆಯಾದರೂ ಅದೇ ಹೊತ್ತಿನಲ್ಲಿ, ಅದೇ ಚಪ್ಪಲಿಯಲ್ಲಿ ಮಾಡಿಸುತ್ತೇನೆ. ಬೆಳಿಗ್ಗೆ ಬಿಗಿಯಾಗಿದ್ದ ಸಾಕೆಟ್ ಸಂಜೆಯ ಹೊತ್ತಿಗೆ ಸಡಿಲವಾಗಿ ಸ್ಟಂಪಿಗೆ ಇನ್ನೊಂದು ಸಾಕ್ಸ್ ಬೇಕಾಗುವುದುಂಟು. ಎಷ್ಟು ಸಾಕ್ಸ್ ಹಾಕಿದ್ದರೆಂಬುದನ್ನೂ ಬರೆದಿಡುತ್ತೇನೆ. ಪರೀಕ್ಷೆ ಮುಗಿದ ಮೇಲೆ ಕಾಲು ಬಿಚ್ಚಿಸಿ ಚರ್ಮ ನೋಡದೆ ಯಾರನ್ನೂ ಕಳುಹಿಸುವುದಿಲ್ಲ, ಸಕ್ಕರೆ ಕಾಯಿಲೆಯವರನ್ನಂತೂ ಖಂಡಿತ ಇಲ್ಲ, ಏಕೆಂದರೆ ಸ್ಪರ್ಶ ಮಂದವಾದವರಿಗೆ ಗಾಯದ ನೋವು ತಿಳಿಯದಿರಬಹುದು.

ಓಣಿಯ ಸಿಮೆಂಟ್ ಹಾದಿಯನ್ನು ಒಡೆಸಿಲ್ಲ. ಏರುವುದನ್ನೂ ಇಳಿಯುವುದನ್ನೂ ಅಭ್ಯಾಸ ಮಾಡಿಸಲು ಅದು ಒಳ್ಳೆಯ ಜಾಗ. ಆದರೆ ಎಷ್ಟು ದೂರ ದಣಿಯದೆ ನಡೆಯಬಲ್ಲರು ಎಂಬುದನ್ನು ಎಲ್ ಪರೀಕ್ಷೆ ಹೇಳುವುದಿಲ್ಲ. ಬಸ್ ಇಳಿದು ಹಳ್ಳಿಯವರೆಗೆ ನಡೆದೇ ಹೋಗಬೇಕಾದವರನ್ನು ಮಾತ್ರ ವರ್ಷಕ್ಕೆ ಎರಡು ಸಲ, ಮದುವೆಗಳಿಲ್ಲದ ದಿನ ನೋಡಿಕೊಂಡು, ಅದೇ ಊಟದ ಹಾಲ್‌ಗೆ ಕರೆದೊಯ್ದು ಆರು ನಿಮಿಷ ನಡೆಸುತ್ತೇನೆ.