ದೆವ್ವದ ಕಥೆಗೆ ಅಚ್ಚೋ, ಪ್ರತಿಲಿಪಿಯೋ?

ತುಮಕೂರಿನಲ್ಲಿ ಕೂತು ದೆವ್ವದ ಕಥೆ ಬರೆದಿದ್ದೀರಿ. ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸಲೇ, ಪ್ರತಿಲಿಪಿ ಎಂಬ ಕಥೆಗಳ ಆ್ಯಪ್‌ಗೆ ಹಾಕಲೇ ಎಂಬುದು ಪ್ರಶ್ನೆ.

ಪ್ರತಿಲಿಪಿಗೆ ಕಾಸು ಬೇಡ. ಪುಸ್ತಕಕ್ಕೆ ಬೇಕು. ಆಫ್‌ಸೆಟ್ ಮುದ್ರಣದಲ್ಲಿ 16 ಪುಟಕ್ಕೊಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆ) ಎಂದರೆ 160 ಪುಟಕ್ಕೆ 10 ಫಾರಂ. ಫಾರಂ ಅಚ್ಚುಹಾಕಲು ಮಾಡಿಸುವ ಪ್ಲೇಟಿನ ಖರ್ಚು 100 ಪ್ರತಿಗೂ ಅಷ್ಟೇ, 500ಕ್ಕೂ ಅಷ್ಟೇ. ಕಡಿಮೆ ತೆಗೆಸಿದಷ್ಟೂ ಒಂದೊಂದು ಪ್ರತಿ ದುಬಾರಿ. 100ರೊಳಗಾದರೆ ಪ್ಲೇಟೇ ಬೇಡದ ಡಿಜಿಟಲ್ ಮುದ್ರಣ ನೋಡಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಉಚಿತ.

ಅಕ್ಷರದ ಕಾಟ ದೆವ್ವಕ್ಕಿಂತ ಜೋರು. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಿಸಿದ್ದನ್ನು ಫೋನು, ಆ್ಯಪ್‌ಗಳು ಓದುವ ಯೂನಿಕೋಡ್ ಅಕ್ಷರಕ್ಕೆ ಬದಲಿಸದೆ ಆ್ಯಪ್‌ಗೆ ಹಾಕಿದರೆ ಬರೀ ಗೋಜಲು. ಅಚ್ಚಿನ ಮನೆಯಲ್ಲಿ ಉಲ್ಟಾ: ಯೂನಿಕೋಡನ್ನು ಅವರ ಫಾಂಟಿಗೆ ತರುವಾಗ ಅರ್ಕಾವತ್ತು, ಒತ್ತಕ್ಷರ ಕೆಡಬಹುದು. ಕರಡನ್ನು ಕಾಗದದ ಮೇಲೇ ಓದಿ.

ಕಂತುಕಂತಾಗಿ ಬೆಚ್ಚಿಬೀಳಿಸುವ ಕಥೆಗೆ ಆ್ಯಪ್ ಒಗ್ಗುತ್ತದೆ. ನಿಧಾನಕ್ಕೆ ಭಯ ಕಟ್ಟುವ ಕಥೆಗೆ, 200 ಪ್ರತಿಯನ್ನಾದರೂ ತಾವೇ ಓಡಾಡಿ ಮಾರಬಲ್ಲವರಿಗೆ, ಪುಸ್ತಕ.